ಮುಚ್ಚಿಡಿ ಎನ್ನುವ ಕಾನೂನು ಬಚ್ಚಿಡಿ ಎನ್ನುವುದಿಲ್ಲ: ಪೊಲೀಸರು ಗಾಡಿ ತಡೆದಾಗ ಜೊತೆಯಲ್ಲಿ ಬಂದೂಕಿದ್ದರೆ?

ಕುಷ್ಟಗಿ ದಾಟಿ ಹೊಸಪೇಟೆ ಕಡೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ. ರಾತ್ರಿ ಹತ್ತರ ಮೇಲೆ. ಬ್ಯಾರಿಕೇಡ್ ಹತ್ತಿರ ಟಾರ್ಚ್ ಬೀಸಿ ನಿಮ್ಮ ಕಾರು ನಿಲ್ಲಿಸಿದ್ದಾರೆ ಅಂದುಕೊಳ್ಳಿ. ಡಿಎಲ್ ಇದೆ, ಆರ್‌ಸಿ ಇದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಆದರೆ ಹಿಂದಿನ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಒಂಟಿ ನಳಿಗೆ ಬಂದೂಕಿದೆ. ಬೆಳೆ ಕಾಯಲು ಅಪ್ಪ ಇಟ್ಟುಕೊಂಡದ್ದು. ಕುದುರೆ ಕೆಟ್ಟಿದೆ ಎಂದು ದುರಸ್ತಿಗೆ ಒಯ್ಯುತ್ತಿದ್ದೀರಿ. ಲೈಸೆನ್ಸ್ ಅಪ್ಪನ ಹೆಸರಿನಲ್ಲಿದೆ, ಆ ಪುಸ್ತಕ ಮನೆಯ ಟ್ರಂಕಿನಲ್ಲಿದೆ. ನೀವು ತಪ್ಪು ಮಾಡಿದ್ದೀರಾ?

ಇದನ್ನು ಯಾವುದಾದರೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೇಳಿ ನೋಡಿ. "ಲೈಸೆನ್ಸ್ ಇದ್ರ ಮುಗೀತು, ಯಾರೂ ಮುಟ್ಟಂಗಿಲ್ಲ" ಎಂದು ಒಬ್ಬರು. "ಬಂದೂಕು ಕಾಣುವ ಹಾಗೆ ಇಟ್ಟರೆ ಮಾತ್ರ ಕಾನೂನುಬದ್ಧ, ಮುಚ್ಚಿಟ್ಟರೆ ಕೇಸು" ಎಂದು ಇನ್ನೊಬ್ಬರು. "ಎಸ್‌ಐಗಿಂತ ಕೆಳಗಿನವರು ಕೇಳುವ ಹಾಗೇ ಇಲ್ಲ" ಎಂದು ಮತ್ತೊಬ್ಬರು. ಮೂರೂ ತಪ್ಪು. ಮೂರನೆಯದು ಅಪಾಯಕಾರಿಯೂ ಹೌದು, ಏಕೆಂದರೆ ಅದನ್ನು ನಂಬಿದವನು ನಡುರಾತ್ರಿ ರಸ್ತೆಯಲ್ಲಿ, ಜೊತೆಯಲ್ಲಿ ಬಂದೂಕಿಟ್ಟುಕೊಂಡು, ಕಾನ್‌ಸ್ಟೆಬಲ್ ಜೊತೆ ವಾದಕ್ಕಿಳಿಯುತ್ತಾನೆ.

ಈ ಗೊಂದಲ ಹುಟ್ಟಿದ್ದು ಎಲ್ಲಿ?

ನಮಗೆ ತೋರುವ ಮಟ್ಟಿಗೆ, ಅರ್ಧ ಗೊಂದಲ ಅಮೆರಿಕದಿಂದ ಬಂದದ್ದು. ಅಲ್ಲಿನ ಪೊಲೀಸರ ಮೈಮೇಲಿನ ಕ್ಯಾಮೆರಾದ ವಿಡಿಯೊಗಳು ನಮ್ಮ ಫೋನಿಗೂ ಬರುತ್ತವೆ. ಅಲ್ಲಿ ಬಂದೂಕನ್ನು ಕಾಣುವಂತೆ ಒಯ್ಯುವುದು ಬೇರೆ, ಬಟ್ಟೆಯ ಒಳಗೆ ಮರೆಮಾಡಿ ಒಯ್ಯುವುದು ಬೇರೆ. ಎರಡಕ್ಕೂ ರಾಜ್ಯಕ್ಕೊಂದು ನಿಯಮ. ಕೆಲವು ರಾಜ್ಯಗಳಲ್ಲಿ ಪೊಲೀಸರು ಗಾಡಿ ತಡೆದ ಕೂಡಲೇ "ನನ್ನ ಬಳಿ ಆಯುಧವಿದೆ" ಎಂದು ತಾನಾಗಿ ಹೇಳಬೇಕು, ಕೆಲವು ಕಡೆ ಕೇಳಿದರೆ ಮಾತ್ರ ಹೇಳಿದರೆ ಸಾಕು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮನೆಯ ಹೊರಗೂ ಆತ್ಮರಕ್ಷಣೆಗೆ ಕೈಬಂದೂಕು ಒಯ್ಯುವುದು ಸಂವಿಧಾನ ಕೊಟ್ಟ ಹಕ್ಕು ಎಂದು ಹೇಳಿತು.

ಹಕ್ಕು ಇದ್ದರೂ ಜೀವ ಉಳಿಯುತ್ತದೆ ಎಂದೇನಿಲ್ಲ. 2016ರ ಜುಲೈ 6ರಂದು ಮಿನೆಸೋಟ ರಾಜ್ಯದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪು ವರ್ಣೀಯ ಯುವಕನ ಕಾರನ್ನು ಪೊಲೀಸರು ತಡೆದರು. ಆತನ ಬಳಿ ಬಂದೂಕು ಒಯ್ಯುವ ಪರವಾನಗಿ ಇತ್ತು. ತನ್ನ ಬಳಿ ಬಂದೂಕಿದೆ ಎಂದು ತಾನಾಗಿಯೇ ಹೇಳಿದ. ಕೆಲವೇ ಕ್ಷಣಗಳಲ್ಲಿ ಅಧಿಕಾರಿ ಗುಂಡು ಹಾರಿಸಿದ, ಕ್ಯಾಸ್ಟೀಲ್ ಸತ್ತ. ಪಕ್ಕದ ಸೀಟಿನಲ್ಲಿದ್ದ ಗೆಳತಿ ಮುಂದಿನದನ್ನು ಫೇಸ್‌ಬುಕ್‌ನಲ್ಲಿ ನೇರ ಪ್ರಸಾರ ಮಾಡಿದಳು. ಮರುವರ್ಷ ತೀರ್ಪುಗಾರರ ಮಂಡಳಿ ಆ ಅಧಿಕಾರಿಯನ್ನು ಖುಲಾಸೆ ಮಾಡಿತು. ಬ್ಯಾರಿಕೇಡಿನ ಎದುರು ಯಾವ ಮಾತು ಆಡುತ್ತೇವೆ ಎಂಬಷ್ಟೇ, ಕೈ ಎಲ್ಲಿದೆ ಎಂಬುದೂ ಮುಖ್ಯ ಎನ್ನುವುದಕ್ಕೆ ಈ ಪ್ರಕರಣ ನೆನಪಿಡಬೇಕು. ಅಮೆರಿಕದಿಂದ ನಾವು ಎರವಲು ತರಬಹುದಾದದ್ದು ಇಷ್ಟೆ. ಅಲ್ಲಿನ ಕಾನೂನು ಇಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಬಂದೂಕು ಹಕ್ಕಲ್ಲ, ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಇಡೀ ದೇಶಕ್ಕೆ ಒಂದೇ. ಕೊಪ್ಪಳ ಜಿಲ್ಲೆಯಲ್ಲಿ ರೈತರಿಗೆ ಸಾಮಾನ್ಯವಾಗಿ ಬೇಕಾಗುವ ಬಂದೂಕಿನ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಅಂದರೆ ಜಿಲ್ಲಾ ದಂಡಾಧಿಕಾರಿ.

ಮುಚ್ಚಿಡಲೇಬೇಕು

ಇಲ್ಲಿಯೇ ಮೊದಲ ಅಚ್ಚರಿ. ಬಂದೂಕನ್ನು ಜನರಿಗೆ ಕಾಣುವಂತೆ ಹಿಡಿದು ತಿರುಗುವುದೇ ನಮ್ಮಲ್ಲಿ ತಪ್ಪು. 2016ರ ನಿಯಮಗಳ 32ನೇ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು, ರಿವಾಲ್ವರ್ ಒಯ್ಯುವಾಗ ಅದು ಮೈಗೆ ಕಟ್ಟಿಕೊಂಡ ಹೋಲ್‌ಸ್ಟರ್‌ನಲ್ಲೋ ಅಂಥದೇ ಚೀಲದಲ್ಲೋ ಇರಬೇಕು. ಉದ್ದನೆಯ ಬಂದೂಕಾದರೆ ಅದನ್ನು ಒಯ್ಯಲೆಂದೇ ಮಾಡಿದ ಕವಚದಲ್ಲಿರಬೇಕು. ಎರಡೂ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಎತ್ತಿ ತೋರಿಸಿ ಬೆದರಿಸುವುದು, ಗಾಳಿಯಲ್ಲಿ ಹಾರಿಸುವುದು ನಿಷಿದ್ಧ. ಹಾಗೆ ಮಾಡಿದರೆ ಲೈಸೆನ್ಸ್ ರದ್ದಾಗಬಹುದು, ಬಂದೂಕು ಜಪ್ತಿಯಾಗಬಹುದು.

ಹೆಗಲ ಮೇಲೆ ಜೋಡು ನಳಿಗೆ ಹಾಕಿಕೊಂಡು ಬುಲೆಟ್ ಬೈಕಿನಲ್ಲಿ ಸಂತೆಗೆ ಬರುವ ಗತ್ತು ಸಿನಿಮಾದಲ್ಲಿ ಚೆಂದ, ಯಲಬುರ್ಗಾ ಬಸ್‌ಸ್ಟ್ಯಾಂಡ್ ಎದುರು ಅಲ್ಲ. ನಮ್ಮ ಉದಾಹರಣೆಯ ಗೋಣಿಚೀಲವೂ ಅಷ್ಟೇನೂ ಸರಿಯಲ್ಲ. ಜಿಪ್ ಇರುವ, ಬಂದೂಕಿನ ಅಳತೆಗೆ ಹೊಲಿಸಿದ ಚೀಲವಾದರೆ ಪೊಲೀಸರು ಕೇಳುವ ಮೊದಲ ಪ್ರಶ್ನೆಯ ಧಾಟಿಯೇ ಬದಲಾಗುತ್ತದೆ.

ಆದರೆ ಬಚ್ಚಿಡುವಂತಿಲ್ಲ

ಮುಚ್ಚುವುದು ಜನರ ಕಣ್ಣಿನಿಂದ, ಪೊಲೀಸರ ಕಣ್ಣಿನಿಂದ ಅಲ್ಲ. ಕಾಯ್ದೆಯ 19ನೇ ಕಲಂ ಸರಳವಾಗಿದೆ: ಆಯುಧ ಅಥವಾ ಗುಂಡು ಒಯ್ಯುತ್ತಿರುವ ಯಾರನ್ನೇ ಆದರೂ ಲೈಸೆನ್ಸ್ ತೋರಿಸು ಎಂದು ಯಾವ ಪೊಲೀಸ್ ಅಧಿಕಾರಿ ಬೇಕಾದರೂ ಕೇಳಬಹುದು. ಎಸ್‌ಐ ಆಗಿರಬೇಕು, ಇನ್‌ಸ್ಪೆಕ್ಟರ್ ಆಗಿರಬೇಕು ಎಂಬ ಮಾತೇ ಅಲ್ಲಿಲ್ಲ. ಮೋಟಾರು ವಾಹನ ದಂಡದ ವಿಷಯದಲ್ಲಿ ದರ್ಜೆಯ ಮಾತು ಬರುತ್ತದೆ. ಅದನ್ನೇ ಬಂದೂಕಿಗೂ ಅಂಟಿಸಿ ಯಾರೋ ಫಾರ್ವರ್ಡ್ ಮಾಡಿರಬೇಕು.

ತೋರಿಸದಿದ್ದರೆ? ಹೆಸರು, ವಿಳಾಸ ಕೇಳಬಹುದು. ಅಗತ್ಯವೆನಿಸಿದರೆ ಬಂದೂಕು ವಶಪಡಿಸಿಕೊಳ್ಳಬಹುದು. ಹೆಸರು ಹೇಳಲು ನಿರಾಕರಿಸಿದರೆ, ಸುಳ್ಳು ಹೆಸರು ಎಂದೋ ಓಡಿಹೋಗುತ್ತಾನೆ ಎಂದೋ ಸಂಶಯ ಬಂದರೆ, ವಾರಂಟ್ ಇಲ್ಲದೆ ಬಂಧಿಸಬಹುದು. ಕೇಳುವ ಮೊದಲೇ ನೀವಾಗಿ ಹೇಳಬೇಕು ಎಂದು 19ನೇ ಕಲಂ ಹೇಳುವುದಿಲ್ಲ, ಕೇಳಿದಾಗ ತೋರಿಸಬೇಕು ಎನ್ನುತ್ತದೆ ಅಷ್ಟೆ. ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು ಎಂದೇ ನಮ್ಮ ಅಭಿಪ್ರಾಯ. ಡಿಕ್ಕಿ ತೆರೆದ ಮೇಲೆ ಸಿಕ್ಕ ಬಂದೂಕಿಗೂ, ಮೊದಲೇ ಹೇಳಿ ತೋರಿಸಿದ ಬಂದೂಕಿಗೂ ಎದುರು ನಿಂತವನ ಮನಸ್ಸಿನಲ್ಲಿ ಬಹಳ ವ್ಯತ್ಯಾಸವಿದೆ.

"ಲೈಸೆನ್ಸ್ ಇದ್ದರೆ ಮುಟ್ಟುವಂತಿಲ್ಲ" ಎನ್ನುವವರು 20ನೇ ಕಲಂ ಓದಬೇಕು. ಲೈಸೆನ್ಸ್ ಇರಲಿ, ಇಲ್ಲದಿರಲಿ, ಆಯುಧವನ್ನು ಒಯ್ಯುತ್ತಿರುವ ರೀತಿ ಅಥವಾ ಸಂದರ್ಭ ನೋಡಿದರೆ ಅಕ್ರಮ ಕೆಲಸಕ್ಕೆ ಬಳಸಬಹುದು ಎಂಬ ಸಂಶಯಕ್ಕೆ ತಕ್ಕ ಆಧಾರವಿದ್ದರೆ, ವಾರಂಟ್ ಇಲ್ಲದೆ ಬಂಧಿಸಿ ಆಯುಧ ಜಪ್ತಿ ಮಾಡಬಹುದು. ಈ ಅಧಿಕಾರ ಪೊಲೀಸರಿಗೆ ಮಾತ್ರವಲ್ಲ, ರೈಲು, ವಾಹನಗಳಲ್ಲಿ ಕೆಲಸ ಮಾಡುವವರಿಗೂ ಇದೆ. ಅಂದರೆ ಗಂಗಾವತಿಯಿಂದ ಹೊರಟ ಸಾರಿಗೆ ಬಸ್ಸಿನ ಕಂಡಕ್ಟರ್ ಕೂಡ ಆ ಕಲಮಿನ ವ್ಯಾಪ್ತಿಗೆ ಬರುತ್ತಾರೆ. ಕಂಡಕ್ಟರ್‌ಗಳೇ ಇದನ್ನು ಓದಿ ಬೆಚ್ಚಿಬೀಳಬಹುದು.

ಲೈಸೆನ್ಸೇ ಇಲ್ಲದೆ ಬಂದೂಕು ಒಯ್ದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಮೊದಲು ಅದು 1ರಿಂದ 3 ವರ್ಷವಿತ್ತು. ಸರ್ಕಾರಿ ನೌಕರರಿಗೆ ಗೊತ್ತಾಗಬಾರದು ಎಂಬ ಉದ್ದೇಶ ಕಾಣುವ ಹಾಗೆ ಅಡಗಿಸಿ ಒಯ್ದರೆ 26ನೇ ಕಲಂ ಬರುತ್ತದೆ: 6 ತಿಂಗಳಿಂದ 7 ವರ್ಷ. ಲೈಸೆನ್ಸ್ ಇದ್ದೂ ಅದರ ಷರತ್ತು ಮುರಿದವರಿಗೆ 30ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡ ಸಣ್ಣದು ಎನಿಸಬಹುದು. ಆದರೆ ಷರತ್ತು ಮುರಿದರೆ 17ನೇ ಕಲಮಿನಡಿ ಲೈಸೆನ್ಸೇ ಅಮಾನತ್ತಿಗೆ ಅಥವಾ ರದ್ದತಿಗೆ ಹೋಗಬಹುದು.

ಅಪ್ಪನ ಬಂದೂಕು, ಮಗನ ಪ್ರಯಾಣ

ಈಗ ಕುಷ್ಟಗಿಯ ಬ್ಯಾರಿಕೇಡಿಗೆ ಮರಳೋಣ. ಮಗನ ಹೆಸರಿನಲ್ಲಿ ಲೈಸೆನ್ಸ್ ಇಲ್ಲ. ಹಾಗಾದರೆ 2 ವರ್ಷ ಜೈಲೇ? ಇಲ್ಲೊಂದು ಬಾಗಿಲು ತೆರೆದಿದೆ, ಬಹುತೇಕ ಜನರಿಗೆ ಗೊತ್ತಿಲ್ಲ. ಕಾಯ್ದೆಯ 3ನೇ ಕಲಮಿನಲ್ಲೇ ಒಂದು ವಿನಾಯಿತಿ ಇದೆ: ಲೈಸೆನ್ಸ್‌ದಾರ ಜೊತೆಯಲ್ಲಿದ್ದರೆ, ಅಥವಾ ಅವರು ಬರೆದುಕೊಟ್ಟ ಅನುಮತಿ ಪತ್ರವಿದ್ದರೆ, ಬೇರೊಬ್ಬರು ಬಂದೂಕು ಒಯ್ಯಬಹುದು. ಆದರೆ ಮೂರೇ ಕಾರಣಕ್ಕೆ: ದುರಸ್ತಿಗೆ, ಲೈಸೆನ್ಸ್ ನವೀಕರಣಕ್ಕೆ, ಅಥವಾ ಆ ಲೈಸೆನ್ಸ್‌ದಾರರೇ ಬಳಸುವುದಕ್ಕೆ.

ಅಂದರೆ ಅಪ್ಪ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಸಹಿ ಹಾಕಿಕೊಟ್ಟಿದ್ದರೆ ಮಗ ಬಹುಮಟ್ಟಿಗೆ ನಿರಾಳ. ಆ ಹಾಳೆ ಇಲ್ಲದಿದ್ದರೆ, "ನಮ್ಮಪ್ಪನ್ದರೀ, ಫೋನ್ ಹಚ್ಚಿ ಕೊಡ್ತೀನಿ ಮಾತಾಡ್ರಿ" ಎನ್ನುವುದು ಬರಹದ ಅನುಮತಿ ಆಗುವುದಿಲ್ಲ. ಎದುರಿಗಿರುವ ಅಧಿಕಾರಿ ಒಳ್ಳೆಯವರಾಗಿದ್ದರೆ ವಿಚಾರಿಸಿ ಬಿಡಬಹುದು. ಆದರೆ ಕಾನೂನು ನಮ್ಮ ಕಡೆ ಇರುವಾಗ ಒಬ್ಬರ ಒಳ್ಳೆಯತನದ ಮೇಲೆ ಭಾರ ಹಾಕುವುದು ಯಾಕೆ?

ಇನ್ನೂ ಕಠಿಣವಾದ ಸಂದರ್ಭವೊಂದಿದೆ. ಅಪ್ಪ ತೀರಿಕೊಂಡಿದ್ದಾರೆ, ಬಂದೂಕು ಗೋಡೆಯ ಮೊಳೆಯಲ್ಲಿ ಹಾಗೇ ನೇತಾಡುತ್ತಿದೆ. ಹೊಲ, ಮನೆ ವಾರಸಾ ಮೂಲಕ ಮಗನಿಗೆ ಬರುತ್ತದೆ. ಲೈಸೆನ್ಸ್ ಹಾಗೆ ಬರುವುದಿಲ್ಲ, ಅದು ಆ ವ್ಯಕ್ತಿಯದು. 21ನೇ ಕಲಂ ಪ್ರಕಾರ, ಇಟ್ಟುಕೊಳ್ಳುವ ಹಕ್ಕು ಹೋದ ಬಂದೂಕನ್ನು ಅನಗತ್ಯ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ವಾರಸುದಾರ ತನ್ನ ಹೆಸರಿನಲ್ಲಿ ಹೊಸ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಅದು ಸಿಗುವವರೆಗೆ ಆ ಬಂದೂಕನ್ನು ಕಾರಿನಲ್ಲಿಟ್ಟುಕೊಂಡು ತಿರುಗಿದರೆ ಅಪ್ಪನ ಹೆಸರಿನ ಹಳೆಯ ಪುಸ್ತಕ ಕಾಪಾಡುವುದಿಲ್ಲ. ಇದರಲ್ಲಿ ಸಿಕ್ಕಿಬೀಳುವವರು ರೌಡಿಗಳಲ್ಲ, ತಿಥಿ ಮುಗಿಸಿ ಕಾಗದಪತ್ರ ಮರೆತ ಸಾಧಾರಣ ಮನೆಯವರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಬೆಳೆ ಕಾಯುವ ಬಂದೂಕು ಜಾತ್ರೆಗೆ ಬರುವಂತಿಲ್ಲ

ಲೈಸೆನ್ಸಿನಲ್ಲಿ ಉದ್ದೇಶ ಬರೆದಿರುತ್ತದೆ: ಆತ್ಮರಕ್ಷಣೆ, ಬೆಳೆ ರಕ್ಷಣೆ, ಕ್ರೀಡೆ. ಯಾವ ಪ್ರದೇಶಕ್ಕೆ ಅನ್ವಯ ಎಂಬುದೂ ಇರುತ್ತದೆ. ಕರ್ನಾಟಕಕ್ಕೆ ಸೀಮಿತವಾದ ಲೈಸೆನ್ಸ್ ಇಟ್ಟುಕೊಂಡು ಮಂತ್ರಾಲಯಕ್ಕೆ ಹೊರಟರೆ ಆಂಧ್ರದ ಗಡಿ ದಾಟಿದ ಮೇಲೆ ಅದರ ಬಲ ಮುಗಿಯಿತು. ಯಲಬುರ್ಗಾದ ಹೊಲದಲ್ಲಿ ಹಂದಿ ಓಡಿಸಲು ಕೊಟ್ಟ ನಳಿಗೆ ತುಂಬುವ ಬಂದೂಕನ್ನು ಕೊಪ್ಪಳದ ಮದುವೆ ಮನೆಗೆ ತಂದರೆ "ಬೆಳೆ ರಕ್ಷಣೆ" ಎಂದು ಯಾವ ಬಾಯಿಂದ ಹೇಳುವುದು?

ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲಾ ಕಾಲೇಜುಗಳ ಆವರಣಕ್ಕೆ ಬಂದೂಕು ಒಯ್ಯಬಾರದು ಎಂಬುದು ಲೈಸೆನ್ಸಿನ ಹಳೆಯ ಷರತ್ತು. ಲಕ್ಷಾಂತರ ಜನ ಸೇರುವ ಗವಿಮಠದ ಜಾತ್ರೆ, ಅಂಜನಾದ್ರಿಯ ಹನುಮಮಾಲೆ ಇರುವ ಜಿಲ್ಲೆಯಲ್ಲಿ ಈ ಒಂದು ಸಾಲು ಬಹಳ ತೂಕದ್ದು. ಆ ದಿನಗಳಲ್ಲಿ ಪಾರ್ಕಿಂಗ್ ಜಾಗದಲ್ಲಿ ಕಾರು ತಪಾಸಣೆ ಆದಾಗ "ಕಾರಿನಲ್ಲೇ ಬಿಟ್ಟಿದ್ದೆ" ಎಂದರೂ ಕಷ್ಟವೇ. ಹತೋಟಿಯಲ್ಲಿಲ್ಲದ ಬಂದೂಕು ಇನ್ನೊಂದು ತಪ್ಪು. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರಿಂದ ಪ್ರತ್ಯೇಕ ಅಪರಾಧ: 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಬಂದೂಕಿನ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ ಎಂಬುದನ್ನೂ ಇಲ್ಲೇ ಸೇರಿಸಿಬಿಡುತ್ತೇವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳ, ಆನೆಗೊಂದಿ ಬೆಟ್ಟದ ಚಿರತೆ, ಕರಡಿ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ರಾತ್ರಿ ಬೆಟ್ಟದ ದಾರಿಯಲ್ಲಿ ಜೀಪು, ಹೆಡ್‌ಲೈಟು, ತುಂಬಿದ ಬಂದೂಕು ಒಟ್ಟಿಗೆ ಸಿಕ್ಕರೆ 20ನೇ ಕಲಮಿನ ಸಂಶಯಕ್ಕೆ ಬೇರೆ ಆಧಾರ ಬೇಕಾಗುವುದಿಲ್ಲ.

ಚುನಾವಣೆ ಬಂದಾಗ ಲೆಕ್ಕ ಇನ್ನೂ ಬಿಗಿ. ನೀತಿಸಂಹಿತೆ ಜಾರಿಯಾದ ಮೇಲೆ ಜಿಲ್ಲಾಡಳಿತದ ಆದೇಶದಂತೆ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಯಾರಿಗೆ ವಿನಾಯಿತಿ ಎಂಬುದನ್ನು ಪರಿಶೀಲನಾ ಸಮಿತಿ ನೋಡುತ್ತದೆ. 2024ರ ಮೇ 7ರಂದು ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಅಂಥ ವಾರಗಳಲ್ಲಿ ಚೆಕ್‌ಪೋಸ್ಟ್‌ನ ತಂಡಗಳು ಹಣ, ಹೆಂಡದ ಜೊತೆ ಆಯುಧವನ್ನೂ ಹುಡುಕುತ್ತವೆ. ಠೇವಣಿ ಇಟ್ಟವರು ರಸೀದಿ ಜೋಪಾನ ಮಾಡಿ. ಬಂದೂಕು ವಾಪಸ್ ಪಡೆದು ಮನೆಗೆ ತರುವ ದಿನವೂ ದಾರಿಯಲ್ಲಿ ಯಾರಾದರೂ ಕೇಳಬಹುದು.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ"

ಇದರಲ್ಲಿ ಸತ್ಯವಿದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ಆ ಸಮುದಾಯಕ್ಕೆ, ಆ ಹಿಡುವಳಿಗೆ ಕೊಟ್ಟದ್ದು, ಮಡಿಕೇರಿಯಲ್ಲಿ ಬಾಡಿಗೆ ಮನೆ ಮಾಡಿದವರಿಗೆಲ್ಲ ಅಲ್ಲ. ವಿನಾಯಿತಿ ಪಡೆದವರೂ ಅದರ ಪ್ರಮಾಣಪತ್ರ ತೋರಿಸಬೇಕು. ಕೊಪ್ಪಳದವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಏರ್‌ಗನ್ ಬಗ್ಗೆಯೂ ಅರ್ಧ ಸತ್ಯ ಓಡಾಡುತ್ತದೆ. ಗುಂಡಿನ ಶಕ್ತಿ 20 ಜೂಲ್ ಒಳಗೆ, ನಳಿಗೆಯ ರಂಧ್ರ 4.5 ಮಿಲಿಮೀಟರ್ ಒಳಗೆ ಇದ್ದರೆ ಲೈಸೆನ್ಸ್ ಬೇಡ. ಅದಕ್ಕಿಂತ ಮೇಲಿನದಕ್ಕೆ ಬೇಕು. ರಾತ್ರಿ ಟಾರ್ಚ್ ಬೆಳಕಿನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಖರೀದಿ ರಸೀದಿ ಜೊತೆಗಿರಲಿ.

ಭತ್ತದ ಕಟಾವಿಗೆ ಹೊರಟ ಟ್ರ್ಯಾಕ್ಟರಿನಲ್ಲಿ ಕುಡುಗೋಲು, ಕೊಡಲಿ ಇದ್ದರೆ ಹೆದರಬೇಕಿಲ್ಲ. ಮನೆಬಳಕೆಗೆ, ಒಕ್ಕಲುತನಕ್ಕೆಂದೇ ಮಾಡಿದ ವಸ್ತುಗಳನ್ನು ಕಾಯ್ದೆಯೇ "ಆಯುಧ" ಎಂಬ ಪದದ ಹೊರಗಿಟ್ಟಿದೆ. ತಲವಾರಿಗೆ ಆ ಮಾತು ಅನ್ವಯಿಸುವುದಿಲ್ಲ.

ಬಂದೂಕು ಬೇಡ, ಒಂದೇ ಒಂದು ಗುಂಡು ಬ್ಯಾಗಿನ ಮೂಲೆಯಲ್ಲಿ ಉಳಿದಿದ್ದರೆ? ಗುಂಡಿಗೂ ಲೈಸೆನ್ಸ್ ಬೇಕು. ಆದರೆ "ಇಟ್ಟುಕೊಂಡಿದ್ದಾನೆ" ಎನ್ನಬೇಕಾದರೆ ಅದು ತನ್ನ ಬಳಿ ಇದೆ ಎಂಬ ಅರಿವು ಅವನಿಗಿರಬೇಕು ಎಂದು ಗುಣವಂತಲಾಲ್ ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳುತ್ತದೆ: ಕೈಯಲ್ಲೇ ಹಿಡಿದಿರಬೇಕೆಂದಿಲ್ಲ, ಗೊತ್ತಿದ್ದೂ ತನ್ನ ಹತೋಟಿಯಲ್ಲಿ ಬೇರೆಡೆ ಇಟ್ಟಿದ್ದರೂ ಅದು ಅವನದೇ. "ಡಿಕ್ಕಿಯಲ್ಲಿತ್ತು, ನನ್ನ ಮೈಮೇಲೆ ಇರಲಿಲ್ಲ" ಎಂಬ ವಾದ ಇಲ್ಲಿಗೆ ಬಿತ್ತು.

ಗಾಡಿ ನಿಂತ ಮೇಲೆ

ಕಾರಿನ ಒಳಗಿನ ದೀಪ ಹಾಕಿ. ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣುವಂತಿರಲಿ. ಬಂದೂಕಿರುವ ಕಡೆ ಕೈ ಹಾಕಬೇಡಿ, "ತೋರಿಸ್ತೀನಿ" ಎಂದು ತೆಗೆಯಲೂ ಬೇಡಿ. ಮೊದಲು ಬಾಯಿ, ಆಮೇಲೆ ಕೈ. ನಮ್ಮ ಕಡೆಯ ಮಾತಿನಲ್ಲೇ ಹೇಳಿದರೆ ಸಾಕು: "ಸಾಹೇಬ್ರ, ಗಾಡ್ಯಾಗ ಬಂದೂಕ ಐತ್ರಿ, ಹಿಂದಿನ ಸೀಟಿನ್ಯಾಗ, ಚೀಲದಾಗ. ಲೈಸೆನ್ಸ್ ಐತಿ. ಮ್ಯಾಲಿನ ಕಿಸೇದಾಗ ಐತ್ರಿ, ತೆಗೀಲೇನ್ರಿ?" ಅವರು ತೆಗಿ ಎಂದ ಮೇಲೆ ತೆಗೆಯಿರಿ. ಇಳಿ ಎಂದರೆ ಇಳಿಯಿರಿ. ಬಂದೂಕನ್ನು ಅವರೇ ಎತ್ತಿಕೊಳ್ಳಲಿ. ಕಾರಿನಲ್ಲಿ ಒಯ್ಯುವಾಗ ಗುಂಡು ತೆಗೆದು ಬೇರೆ ಡಬ್ಬದಲ್ಲಿಡುವುದು ಲೇಸು.

ಅಸಲು ಲೈಸೆನ್ಸ್ ಪುಸ್ತಕ ಜೊತೆಗಿರಲಿ, ಡಿಎಲ್‌ನಂತೆ ಫೋನಿನಲ್ಲಿನ ಫೋಟೊ ಸಾಕು ಎಂದು ಭಾವಿಸಬೇಡಿ. ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ. ಈಗ ಲೈಸೆನ್ಸಿನ ಅವಧಿ 5 ವರ್ಷ. ರಾಷ್ಟ್ರೀಯ ದತ್ತಾಂಶದಲ್ಲಿ ನೋಂದಾದ ಯುಐಎನ್ ಸಂಖ್ಯೆ ಅದರಲ್ಲಿದೆಯೇ, ಬಂದೂಕಿನ ಮೇಲೆ ಕೆತ್ತಿದ ನಂಬರೂ ಪುಸ್ತಕದ ನಂಬರೂ ಒಂದೇ ಆಗಿದೆಯೇ ಎಂಬುದನ್ನು ಮನೆಯಲ್ಲೇ ಒಮ್ಮೆ ಪರೀಕ್ಷಿಸಿ.

ನಿಮಗೂ ರಕ್ಷಣೆಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಪೊಲೀಸರು ಆಡಿಯೊ-ವಿಡಿಯೊದಲ್ಲಿ ದಾಖಲಿಸಬೇಕು, ಮೊಬೈಲಿನಲ್ಲಾದರೂ ಸರಿ. ಬಂಧಿತ ಮಹಿಳೆಯ ಮೈ ಶೋಧವನ್ನು ಮಹಿಳೆಯೇ ಮಾಡಬೇಕು. ಬಂದೂಕು ವಶಪಡಿಸಿಕೊಂಡರೆ ಜಪ್ತಿ ಪಂಚನಾಮೆಯಲ್ಲಿ ಅದರ ನಂಬರ್, ಗುಂಡುಗಳ ಎಣಿಕೆ ಸರಿಯಾಗಿ ಬಂದಿದೆಯೇ ಓದಿ ಸಹಿ ಮಾಡಿ, ಪ್ರತಿ ಕೇಳಿ. ಜಗಳ ಇದ್ದರೆ ರಸ್ತೆಯಲ್ಲಿ ಬೇಡ. ಲೈಸೆನ್ಸ್ ರದ್ದು ಮಾಡಿದರೆ 18ನೇ ಕಲಮಿನಡಿ ಮೇಲ್ಮನವಿಗೆ ದಾರಿ ಇದೆ.

ಇನ್ನು ಅಪ್ಪ ಬರೆದುಕೊಡಬೇಕಾದ ಆ ಚೀಟಿ. ಅದಕ್ಕೆಂದು ಅಚ್ಚಾದ ಫಾರಂ ಹುಡುಕಬೇಕಿಲ್ಲ, ಹೀಗೆ ಬರೆದರೆ ಸಾಕು: "ನನ್ನ ಹೆಸರಿನ, ಇಂಥ ನಂಬರಿನ ಲೈಸೆನ್ಸಿನಲ್ಲಿರುವ, ಇಂಥ ನಂಬರಿನ ಒಂಟಿ ನಳಿಗೆ ಬಂದೂಕನ್ನು ದುರಸ್ತಿ ಸಲುವಾಗಿ ಇಂಥ ಅಂಗಡಿಗೆ ಒಯ್ದು ವಾಪಸ್ ತರಲು ನನ್ನ ಮಗನಿಗೆ ಒಪ್ಪಿಗೆ ಕೊಟ್ಟಿದ್ದೇನೆ." ಕೆಳಗೆ ದಿನಾಂಕ, ಸಹಿ, ಫೋನ್ ನಂಬರ್. ಜೊತೆಗೆ ಟ್ರಂಕಿನಲ್ಲಿರುವ ಆ ಲೈಸೆನ್ಸ್ ಪುಸ್ತಕವನ್ನೂ ತೆಗೆದುಕೊಂಡು ಹೊರಡಿ.